ಒಂದು ಅಂಕದ ಉತ್ತರದಾಚೆಗಿನ ರಾಬರ್ಟ್ ಓವನ್

ಬಿ.ಕಾಂ, ಬಿಬಿಎ ಓದಿದವರಿಗೆ ರಾಬರ್ಟ್ ಓವನ್ ಹೆಸರು ಹೊಸದಲ್ಲ. ಸಿಬ್ಬಂದಿ ನಿರ್ವಹಣೆಯ ಪಿತಾಮಹ ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಈ ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಪಠ್ಯಪುಸ್ತಕದಲ್ಲೂ ಆತನಿಗೆ ಸಿಗುವುದು ಎರಡು ಮೂರು ಸಾಲು ಮಾತ್ರ. ಕೆಲಸಗಾರರನ್ನು ಚೆನ್ನಾಗಿ ನೋಡಿಕೊಂಡರೆ ಸಂಸ್ಥೆಗೆ ಲಾಭವಾಗುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಇಂದು ರಾಶಿ ರಾಶಿ ಪ್ರಬಂಧಗಳು ಬರುತ್ತವೆ. ಓವನ್ ಅದನ್ನು ಸುಮಾರು ಎರಡು ಸಾವಿರ ಜನರಿದ್ದ ಒಂದು ಗಿರಣಿ ಊರಿನಲ್ಲಿ, ತನ್ನ ಹಣವನ್ನೂ ಹೆಸರನ್ನೂ ಪಣಕ್ಕಿಟ್ಟು, ಇಪ್ಪತ್ತೈದು ವರ್ಷ ಪರೀಕ್ಷಿಸಿ ನೋಡಿದ. ಲಾಭವೇನೋ ಆಯಿತು. ಲಾಭವಾದ ಮೇಲೆ ನಡೆದದ್ದು ಇನ್ನೂ ಕುತೂಹಲದ ಕತೆ.

ಓವನ್ ಹುಟ್ಟಿದ್ದು 1771ರ ಮೇ 14ರಂದು, ವೇಲ್ಸ್‌ನ ನ್ಯೂಟೌನ್ ಎಂಬ ಚಿಕ್ಕ ಪೇಟೆಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವರು, ಜೊತೆಗೆ ಕಬ್ಬಿಣದ ಸಾಮಾನು ಮಾರುತ್ತಿದ್ದರು, ಊರಿನ ಅಂಚೆಯನ್ನೂ ನೋಡಿಕೊಳ್ಳುತ್ತಿದ್ದರು. ಹುಡುಗ ಓದಿನಲ್ಲಿ ಚುರುಕು. ಏಳು ವರ್ಷಕ್ಕೇ ಮೇಷ್ಟ್ರಿಗೆ ಸಹಾಯಕನಾಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆ ಸೇರುವ ಆತುರದಲ್ಲಿ ಬಿಸಿ ಬಿಸಿ ಗಂಜಿ ನುಂಗಿ ಹೊಟ್ಟೆ ಸುಟ್ಟುಕೊಂಡ. ಆಮೇಲೆ ಜೀವಮಾನವಿಡೀ ಯಾವ ಆಹಾರ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಗಮನಿಸುತ್ತಲೇ ಇರಬೇಕಾಯಿತು. ಎಲ್ಲವನ್ನೂ ಸೂಕ್ಷ್ಮವಾಗಿ ನೋಡುವ ಅಭ್ಯಾಸ ತನಗೆ ಬಂದದ್ದೇ ಅದರಿಂದ ಎಂದು ಮುದುಕನಾದಾಗ ಆತ್ಮಕಥೆಯಲ್ಲಿ ಬರೆದುಕೊಂಡ.

ಶಾಲೆ ಮುಗಿದದ್ದು ಹತ್ತನೇ ವಯಸ್ಸಿನ ಹೊತ್ತಿಗೆ. ನಲವತ್ತು ಶಿಲ್ಲಿಂಗ್ ಜೇಬಿನಲ್ಲಿಟ್ಟುಕೊಂಡು ಲಂಡನ್ನಿನಲ್ಲಿದ್ದ ಅಣ್ಣನ ಬಳಿಗೆ ಹೊರಟ. ಅಲ್ಲಿಂದ ಸ್ಟ್ಯಾಮ್‌ಫರ್ಡ್ ಊರಿನ ಮೆಕ್‌ಗಫೋಗ್ ಎಂಬ ಜವಳಿ ವ್ಯಾಪಾರಿಯ ಅಂಗಡಿಗೆ ಸೇರಿದ. ಮೊದಲ ವರ್ಷ ಊಟ, ವಸತಿ ಬಿಟ್ಟರೆ ಸಂಬಳವಿಲ್ಲ. ಎರಡನೇ ವರ್ಷಕ್ಕೆ 8 ಪೌಂಡ್, ಮೂರನೇ ವರ್ಷಕ್ಕೆ 10 ಪೌಂಡ್. ಈಗಿನ ಮಾತಿನಲ್ಲಿ ಹೇಳುವುದಾದರೆ ಇಂಟರ್ನ್‌ಶಿಪ್. ಆದರೆ ಈ ಯಜಮಾನ ಒಳ್ಳೆಯವನು. ಹುಡುಗನಿಗೆ ಕೆಲಸ ಕಲಿಸಿದ, ಮನೆಯ ಪುಸ್ತಕಗಳನ್ನೆಲ್ಲ ಓದಲು ಬಿಟ್ಟ. ಮುಂದೆ ಲಂಡನ್ ಸೇತುವೆಯ ಬಳಿಯ ದೊಡ್ಡ ಅಂಗಡಿಯಲ್ಲಿ ವರ್ಷಕ್ಕೆ 25 ಪೌಂಡ್ ಸಂಬಳಕ್ಕೆ ಸೇರಿದಾಗ ಇನ್ನೊಂದು ಬಗೆಯ ಯಜಮಾನಿಕೆ ಕಂಡ. ಬೆಳಿಗ್ಗೆ ಎಂಟಕ್ಕೆ ನಿಂತರೆ ರಾತ್ರಿ ಗಿರಾಕಿಗಳು ಹೋದ ಮೇಲೂ ಬಟ್ಟೆ ಮಡಿಚಿಡುವ ಕೆಲಸ. ಮಲಗುವಾಗ ಒಮ್ಮೊಮ್ಮೆ ಎರಡು ಗಂಟೆ. ಮೆಟ್ಟಿಲು ಹತ್ತಲು ಕೈಗಂಬಿ ಹಿಡಿದು ಮೈ ಎಳೆದುಕೊಳ್ಳಬೇಕಿತ್ತು. ಬೇರೆಯವರ ಕೆಲಸದ ಸಮಯ ನಿಗದಿ ಮಾಡುವ ಸರದಿ ಮುಂದೆ ತನಗೆ ಬಂದಾಗ ಓವನ್ ಈ ಮೆಟ್ಟಿಲುಗಳನ್ನು ಮರೆಯಲಿಲ್ಲ ಎಂದು ನನಗೆ ಅನಿಸುತ್ತದೆ.

ಹದಿನೆಂಟರ ಆಸುಪಾಸಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದ. ಹತ್ತಿ ನೂಲುವ ಯಂತ್ರಗಳು ಆ ಊರನ್ನು ಬೆಳೆಸುತ್ತಿದ್ದ ಕಾಲ ಅದು. ಅಣ್ಣನಿಂದ 100 ಪೌಂಡ್ ಸಾಲ ತಂದು, ಯಂತ್ರ ಬಲ್ಲ ಒಬ್ಬ ಪಾಲುದಾರನ ಜೊತೆ ನೂಲುವ ಯಂತ್ರ ತಯಾರಿಸುವ ಕಾರ್ಖಾನೆ ಹಾಕಿದ. ಪಾಲುದಾರಿಕೆ ಬೇಗ ಮುರಿಯಿತು. ಪಾಲಿಗೆ ಆರು ಯಂತ್ರ ಬರಬೇಕಿತ್ತು, ಮೂರು ಬಂದವು. ಅವನ್ನೇ ಇಟ್ಟುಕೊಂಡು ಮೂರು ಜನ ಕೆಲಸಗಾರರೊಂದಿಗೆ ಸ್ವಂತವಾಗಿ ನೂಲು ತೆಗೆಯತೊಡಗಿದ.

ಅಷ್ಟರಲ್ಲಿ ಡ್ರಿಂಕ್‌ವಾಟರ್ ಎಂಬ ದೊಡ್ಡ ಗಿರಣಿ ಮಾಲೀಕ ವ್ಯವಸ್ಥಾಪಕ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಓವನ್‌ಗೆ ಆಗ ಇಪ್ಪತ್ತು ವರ್ಷ. ಸೀದಾ ಹೋಗಿ ಕೇಳಿದ. ಮಾಲೀಕ ಹುಡುಗನ ಮುಖ ನೋಡಿ ವಯಸ್ಸು ಕೇಳಿದ, ವಾರಕ್ಕೆ ಎಷ್ಟು ಸಲ ಕುಡಿಯುತ್ತೀ ಎಂದೂ ಕೇಳಿದ. (ಈ ಪ್ರಶ್ನೆಯನ್ನು ಡ್ರಿಂಕ್‌ವಾಟರ್ ಎಂಬ ಹೆಸರಿನವನೇ ಕೇಳಿದ್ದು ತಮಾಷೆ.) ಒಮ್ಮೆಯೂ ಕುಡಿದು ಅಮಲೇರಿಸಿಕೊಂಡಿಲ್ಲ ಎಂದು ಹುಡುಗ ನಾಚಿಕೊಂಡೇ ಉತ್ತರ ಕೊಟ್ಟ. ಸಂಬಳ ಎಷ್ಟು ಬೇಕು ಎಂದಾಗ ವರ್ಷಕ್ಕೆ 300 ಪೌಂಡ್ ಎಂದ. ಅಂದು ಬೆಳಿಗ್ಗೆಯಿಂದ ಬಂದ ಎಲ್ಲ ಅಭ್ಯರ್ಥಿಗಳು ಕೇಳಿದ್ದನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ ಎಂದು ಮಾಲೀಕ ಹೌಹಾರಿದ. ಓವನ್ ಇಳಿಯಲಿಲ್ಲ. ತನ್ನ ಮೂರು ಯಂತ್ರಗಳಿಂದ ಈಗಾಗಲೇ ಅಷ್ಟು ಬರುತ್ತಿದೆ ಎಂದು ಕರೆದುಕೊಂಡು ಹೋಗಿ ಲೆಕ್ಕದ ಪುಸ್ತಕ ತೋರಿಸಿದ. ಕೆಲಸ ಸಿಕ್ಕಿತು. ಸಂದರ್ಶನಕ್ಕೆ ಹೋಗುವ ನಮ್ಮಂಥವರು ಆ ಲೆಕ್ಕದ ಪುಸ್ತಕವನ್ನು ನೆನಪಿಟ್ಟುಕೊಳ್ಳಬಹುದು.

ಗಿರಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 500 ಜನ. ಇಷ್ಟು ದೊಡ್ಡ ಕಾರ್ಖಾನೆಯನ್ನು ಓವನ್ ಒಳಗಿನಿಂದ ನೋಡಿಯೇ ಇರಲಿಲ್ಲ. ಮೊದಲ ಆರು ವಾರ ಆತ ಒಂದೂ ನೇರ ಆಜ್ಞೆ ಕೊಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ರಾತ್ರಿ ಬಾಗಿಲು ಹಾಕಿ ಹೋಗುತ್ತಿದ್ದ. ಕೇಳಿದ ಪ್ರಶ್ನೆಗೆ ಹೌದು, ಅಲ್ಲ ಎಂದಷ್ಟೇ ಹೇಳುತ್ತ, ಯಾವ ಯಂತ್ರ ಹೇಗೆ ಓಡುತ್ತದೆ, ಯಾರು ಹೇಗೆ ಕೆಲಸ ಮಾಡುತ್ತಾರೆ ಎಂದು ನೋಡಿದ. ಆರು ವಾರದ ಮೇಲೆ ಬಾಯಿ ಬಿಟ್ಟ. ಒಂದು ವರ್ಷದೊಳಗೆ ಗಿರಣಿಯ ನೂಲು ಎಷ್ಟು ನವಿರಾಯಿತೆಂದರೆ ಮಾರುಕಟ್ಟೆಯಲ್ಲಿ ಅದಕ್ಕೆ ಹೆಚ್ಚಿನ ಬೆಲೆ ಸಿಗತೊಡಗಿತು, ಕಟ್ಟುಗಳ ಮೇಲೆ ಓವನ್ ಹೆಸರು ಅಚ್ಚಾಗತೊಡಗಿತು. ಮಾಲೀಕ ಪಾಲುದಾರಿಕೆಯ ಕರಾರು ಬರೆದುಕೊಟ್ಟ. ಆದರೆ ಮಾಲೀಕನ ಭಾವಿ ಅಳಿಯನಿಗೆ ಹೊರಗಿನವನು ಪಾಲುದಾರನಾಗುವುದು ಇಷ್ಟವಿರಲಿಲ್ಲ. ಸಂಬಳ ಎಷ್ಟಾದರೂ ಕೇಳು, ಕರಾರು ಬಿಟ್ಟುಕೊಡು ಎಂಬ ಮಾತು ಬಂತು. ಓವನ್ ಕರಾರು ಪತ್ರವನ್ನು ಅಲ್ಲೇ ಬೆಂಕಿಗೆ ಹಾಕಿ, ಕೆಲಸವನ್ನೂ ಬಿಡುವುದಾಗಿ ಹೇಳಿದ.

ಮುಂದಿನ ಊರು ನ್ಯೂ ಲ್ಯಾನಾರ್ಕ್. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಜಲಪಾತಗಳ ಕೆಳಗೆ, ನೀರಿನ ಬಲದಿಂದ ಓಡುವ ಹತ್ತಿ ಗಿರಣಿಗಳ ಊರು ಅದು. ಕಟ್ಟಿದವನು ಡೇವಿಡ್ ಡೇಲ್ ಎಂಬ ದೈವಭಕ್ತ ವ್ಯಾಪಾರಿ. ಓವನ್ ಆತನ ಮಗಳು ಕ್ಯಾರೊಲಿನ್‌ಳನ್ನು ಮೆಚ್ಚಿದ್ದ, ಗಿರಣಿಯನ್ನೂ ಮೆಚ್ಚಿದ. 1799ರಲ್ಲಿ ಪಾಲುದಾರರೊಂದಿಗೆ 60,000 ಪೌಂಡಿಗೆ, ವರ್ಷಕ್ಕೆ 3,000ದಂತೆ ಇಪ್ಪತ್ತು ವರ್ಷದ ಕಂತಿನಲ್ಲಿ ಗಿರಣಿ ಕೊಂಡ. ಅದೇ ವರ್ಷ ಮದುವೆಯೂ ಆಯಿತು. 1800ರ ಜನವರಿಯಲ್ಲಿ ಆಡಳಿತ ಕೈಗೆ ಬಂತು.

ಊರಿನ ಸ್ಥಿತಿ ಹೀಗಿತ್ತು. ಸುಮಾರು 500 ಮಕ್ಕಳನ್ನು ಎಡಿನ್‌ಬರೋ, ಗ್ಲಾಸ್ಗೋ ನಗರಗಳ ಅನಾಥಾಲಯಗಳಿಂದ ತಂದು ಕೆಲಸಕ್ಕೆ ಹಚ್ಚಲಾಗಿತ್ತು. ಆ ಕಾಲದ ಬೇರೆ ಮಾಲೀಕರಿಗೆ ಹೋಲಿಸಿದರೆ ಡೇಲ್ ಅವರಿಗೆ ಒಳ್ಳೆಯ ಊಟ, ಬಟ್ಟೆ, ರಾತ್ರಿ ಶಾಲೆ ಎಲ್ಲ ಕೊಟ್ಟಿದ್ದ. ಆದರೂ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಯಂತ್ರದ ಮುಂದೆ ನಿಂತ ಮಗುವಿಗೆ ಆಮೇಲೆ ಅಕ್ಷರ ಹತ್ತುವುದುಂಟೇ? ದೊಡ್ಡವರಲ್ಲಿ ಕುಡಿತ ಹೆಚ್ಚು, ಗಿರಣಿಯ ಮಾಲು ಕದಿಯುವುದು ಸಾಮಾನ್ಯ. ಹೊಸ ಮಾಲೀಕ ಹೊರನಾಡಿನವನು, ಮಾತಿನ ಧಾಟಿಯೇ ಬೇರೆ; ಇನ್ನಷ್ಟು ಹಿಂಡಲು ಬಂದಿದ್ದಾನೆ ಎಂದೇ ಜನ ತಿಳಿದರು.

ಓವನ್ ಕಳ್ಳರನ್ನು ಹಿಡಿದು ಜೈಲಿಗೆ ಕಳಿಸಲಿಲ್ಲ. ಕಳ್ಳತನ ಕೂಡಲೇ ಗೊತ್ತಾಗುವಂತೆ ದಿನದಿನದ ಲೆಕ್ಕದ ವ್ಯವಸ್ಥೆ ತಂದ. ಊರಿನ ಅಂಗಡಿಗಳಲ್ಲಿ ಕಳಪೆ ಸಾಮಾನು ದುಬಾರಿ ಬೆಲೆಗೆ, ಅದೂ ಸಾಲಕ್ಕೆ ಸಿಗುತ್ತಿತ್ತು. ಆತ ಸಗಟಿನಲ್ಲಿ ಒಳ್ಳೆಯ ದಿನಸಿ, ಬಟ್ಟೆ, ಕಲ್ಲಿದ್ದಲು ತರಿಸಿ ಕಡಿಮೆ ದರಕ್ಕೆ ಮಾರುವ ಅಂಗಡಿ ತೆರೆದ. ಮನೆಮಂದಿಯ ಖರ್ಚಿನಲ್ಲಿ ಕಾಲುಭಾಗ ಉಳಿಯಿತು ಎಂಬುದು ಆತನ ಲೆಕ್ಕ. ಅಂಗಡಿಯ ಲಾಭ ಶಾಲೆಗೆ ಹೋಗುತ್ತಿತ್ತು. ಅನಾಥ ಮಕ್ಕಳನ್ನು ತರುವುದನ್ನು ನಿಲ್ಲಿಸಿ, ಹತ್ತು ವರ್ಷದೊಳಗಿನವರನ್ನು ಗಿರಣಿಗೆ ಸೇರಿಸಬಾರದೆಂದ. ಕೆಲಸಗಾರರು ಕೂಲಿಯಲ್ಲಿ ಅರವತ್ತನೇ ಒಂದು ಭಾಗ ಹಾಕುವ ಕಾಯಿಲೆ ನಿಧಿ ನಡೆಯಿತು. ಬೀದಿಗಳು ಸ್ವಚ್ಛವಾದವು, ಮನೆಗಳು ದೊಡ್ಡದಾದವು. ಮನೆ ಚೊಕ್ಕಟವಾಗಿದೆಯೇ ಎಂದು ನೋಡಲು ಸಮಿತಿ ಬರತೊಡಗಿದಾಗ ಮಾತ್ರ ಹೆಂಗಸರಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ?

ಆತನ ಅತಿ ಪ್ರಸಿದ್ಧ ಸಾಧನ ಒಂದು ಮರದ ತುಂಡು. ಸೈಲೆಂಟ್ ಮಾನಿಟರ್ ಎಂದು ಅದರ ಹೆಸರು. ಎರಡು ಅಂಗುಲ ಉದ್ದ, ನಾಲ್ಕು ಮುಖ. ಒಂದಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಬಣ್ಣ. ಪ್ರತಿ ಕೆಲಸಗಾರನ ಹತ್ತಿರ ಇದನ್ನು ತೂಗುಹಾಕಿರುತ್ತಿದ್ದರು. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು ಮುಖ ಮುಂದೆ, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಬಹಳ ಒಳ್ಳೆಯದಾದರೆ ಬಿಳಿ. ಬಣ್ಣವನ್ನು ನಡತೆಯ ಪುಸ್ತಕದಲ್ಲಿ ದಿನವೂ ಬರೆದಿಡುತ್ತಿದ್ದರು. ಬೈಗುಳ, ಹೊಡೆತ ಎರಡೂ ಇಲ್ಲ. ಓವನ್ ಸಾಲಿನ ಮಧ್ಯೆ ನಡೆದು ಹೋಗುವಾಗ ಮೊದಲು ಬಣ್ಣ ನೋಡಿ, ಆಮೇಲೆ ಕೆಲಸಗಾರನ ಮುಖ ನೋಡಿ, ಮಾತಾಡದೆ ಮುಂದೆ ಹೋಗುತ್ತಿದ್ದನಂತೆ. ಮೊದಮೊದಲು ಕಪ್ಪು ಹೆಚ್ಚಿತ್ತು. ವರ್ಷಗಳು ಕಳೆದಂತೆ ಕಪ್ಪು ನೀಲಿಯಾಗಿ, ನೀಲಿ ಹಳದಿಯಾಗಿ, ಕೊನೆಕೊನೆಗೆ ಬಿಳಿ ಕಾಣತೊಡಗಿತು.

ವರ್ಷಕ್ಕೊಮ್ಮೆ ಅಪ್ರೈಸಲ್ ಎದುರಿಸುವ ಇಂದಿನ ನೌಕರರಿಗೆ ಇದು ಯಾವುದರ ಅಜ್ಜ ಎಂದು ವಿವರಿಸಬೇಕಿಲ್ಲ. ಆದರೆ ಮೊಮ್ಮಗನಿಗೆ ಎಲ್ಲ ಕಡೆ ಬಾರದ ಎರಡು ಗುಣ ಈ ಅಜ್ಜನಿಗಿತ್ತು. ಬಣ್ಣ ಅನ್ಯಾಯವಾಗಿದೆ ಎನಿಸಿದ ಯಾವ ಕೆಲಸಗಾರನೂ ಅದು ಪುಸ್ತಕಕ್ಕೆ ಸೇರುವ ಮೊದಲು ನೇರ ಓವನ್ ಬಳಿಗೇ ದೂರು ಒಯ್ಯಬಹುದಿತ್ತು. ಜೊತೆಗೆ, ಬಣ್ಣ ತಿರುಗಿಸುವ ಮೇಲ್ವಿಚಾರಕನಿಗೂ ಒಂದು ಮರದ ತುಂಡಿತ್ತು. ಅದನ್ನು ಗಿರಣಿಯ ಮುಖ್ಯಸ್ಥ ತಿರುಗಿಸುತ್ತಿದ್ದ. ಹಾಗೆಂದು ಇದನ್ನು ಪೂರ್ತಿ ಹೊಗಳಲು ನನಗೆ ಮನಸ್ಸಿಲ್ಲ. ಪಕ್ಕದವರ ಕಣ್ಣಿಗೆ ಬೀಳುವಂತೆ ತೂಗುವ ಕಪ್ಪು ಬಣ್ಣವೂ ಒಂದು ಶಿಕ್ಷೆಯೇ.

ಇಷ್ಟೆಲ್ಲ ಮಾಡಿದರೂ ಜನರ ಅನುಮಾನ ಹೋಗಲಿಲ್ಲ. ಅದನ್ನು ಕರಗಿಸಿದ್ದು ಒಂದು ಬಿಕ್ಕಟ್ಟು. ಅಮೆರಿಕ ಹತ್ತಿಯ ರಫ್ತಿಗೆ ತಡೆ ಹಾಕಿತು. ಹತ್ತಿ ಬೆಲೆ ಏರಿ ಬ್ರಿಟನ್ನಿನ ಗಿರಣಿಗಳು ಬಾಗಿಲು ಹಾಕಿ ಜನರನ್ನು ಬೀದಿಗೆ ಕಳಿಸಿದವು. ಓವನ್ ಕೂಡ ಯಂತ್ರ ನಿಲ್ಲಿಸಿದ, ಆದರೆ ಒಬ್ಬರನ್ನೂ ತೆಗೆಯಲಿಲ್ಲ. ಯಂತ್ರಗಳನ್ನು ಒರೆಸಿ, ಎಣ್ಣೆ ಹಾಕಿ ಇಟ್ಟುಕೊಳ್ಳುವುದಷ್ಟೇ ಕೆಲಸ. ನಾಲ್ಕು ತಿಂಗಳು ಪೂರ್ತಿ ಕೂಲಿ ಕೊಟ್ಟ. ಒಟ್ಟು 7,000 ಪೌಂಡಿಗೂ ಹೆಚ್ಚಾಯಿತು. ಗಿರಣಿ ಮತ್ತೆ ಓಡಿದಾಗ ಜನ ಬದಲಾಗಿದ್ದರು. ಕಾಯಿಲೆ ನಿಧಿ, ಅಗ್ಗದ ದಿನಸಿ, ಬಣ್ಣದ ತುಂಡು ಎಲ್ಲ ಸೇರಿ ಮಾಡಲಾಗದ್ದನ್ನು ಈ ನಾಲ್ಕು ತಿಂಗಳು ಮಾಡಿತು. ತಮ್ಮ ಕಷ್ಟಕಾಲದಲ್ಲಿ ಕಂಪನಿ ಹೇಗೆ ನಡೆದುಕೊಂಡಿತು ಎಂಬುದನ್ನು ಕೆಲಸಗಾರ ಎಂದೂ ಮರೆಯುವುದಿಲ್ಲ; ಕೋವಿಡ್ ಕಾಲ ಕಂಡ ನಮ್ಮ ತಲೆಮಾರಿಗೆ ಇದು ಗೊತ್ತು.

ಲಾಭದ ಮಾತಿಗೆ ಬರೋಣ. ಪಾಲುದಾರರು ಓವನ್ ಖರ್ಚನ್ನು ಮೊದಲಿನಿಂದಲೂ ಒಪ್ಪಿರಲಿಲ್ಲ. ಶಾಲೆ ಕಟ್ಟುವ ಮಾತೆತ್ತಿದಾಗ ತಾವು ಹತ್ತಿ ನೂಲುವವರು, ಸಮಾಜ ಸುಧಾರಕರಲ್ಲ ಎಂಬುದು ಅವರ ನಿಲುವು. ಒಂದು ಗುಂಪು ಪಾಲುದಾರರು ಹೋಗಿ ಇನ್ನೊಂದು ಗುಂಪು ಬಂತು, ಜಗಳ ಉಳಿಯಿತು. 1813ರ ಕೊನೆಗೆ ಗಿರಣಿ ಗ್ಲಾಸ್ಗೋದಲ್ಲಿ ಹರಾಜಿಗೆ ಬಂತು. ಓವನ್ ದಿವಾಳಿ ಎಬ್ಬಿಸಿದ್ದಾನೆ, ಗಿರಣಿ 40,000 ಪೌಂಡ್ ಕೂಡ ಬಾಳುವುದಿಲ್ಲ ಎಂದು ಹಳೆಯ ಪಾಲುದಾರರು ಊರೆಲ್ಲ ಹೇಳಿಕೊಂಡು ಬಂದಿದ್ದರು. ತಾವೇ ಅಗ್ಗಕ್ಕೆ ಕೊಳ್ಳುವ ಹಂಚಿಕೆ ಅದು. ಇತ್ತ ಓವನ್ ಲಂಡನ್ನಿಗೆ ಹೋಗಿ, ಹಾಕಿದ ಬಂಡವಾಳಕ್ಕೆ ಶೇ 5ರಷ್ಟು ಬಂದರೆ ಸಾಕು, ಉಳಿದದ್ದು ಕೆಲಸಗಾರರಿಗೂ ಶಾಲೆಗೂ ಹೋಗಲಿ ಎನ್ನುವ ಹೊಸ ಪಾಲುದಾರರನ್ನು ಹುಡುಕಿ ತಂದಿದ್ದ. ಅವರಲ್ಲಿ ತತ್ವಜ್ಞಾನಿ ಜೆರೆಮಿ ಬೆಂಥಮ್, ಕ್ವೇಕರ್ ಪಂಥದ ವಿಲಿಯಂ ಅಲೆನ್ ಇದ್ದರು. ಹರಾಜು ಏರುತ್ತ ಏರುತ್ತ ಹೋಗಿ 1,14,100 ಪೌಂಡಿಗೆ ಓವನ್ ಕಡೆಯವರಿಗೆ ನಿಂತಿತು. ಹಳೆಯ ಪಾಲುದಾರರು 1,14,000ದವರೆಗೂ ಕೂಗಿದ್ದರು! ಆಮೇಲೆ ಲೆಕ್ಕ ಮುಗಿಸಿದಾಗ ಆ ನಾಲ್ಕು ವರ್ಷಗಳಲ್ಲಿ ಬಂಡವಾಳದ ಬಡ್ಡಿ ಕಳೆದೂ 1,60,000 ಪೌಂಡ್ ಲಾಭ ಬಂದಿತ್ತು ಎಂದು ಓವನ್ ಬರೆದಿದ್ದಾನೆ. ಗೆದ್ದು ಊರಿಗೆ ಬರುವಾಗ ಜನ ದಾರಿಯಲ್ಲೇ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಹೋದರು.

ಅದೇ ಕಾಲದಲ್ಲಿ ಬರೆದ ಪ್ರಬಂಧಗಳಲ್ಲಿ ಆತ ಬೇರೆ ಗಿರಣಿ ಮಾಲೀಕರಿಗೆ ಅವರ ಭಾಷೆಯಲ್ಲೇ ವಾದ ಹೂಡಿದ. ಕಬ್ಬಿಣದ ಯಂತ್ರವನ್ನು ಒರೆಸಿ, ರಿಪೇರಿ ಮಾಡಿ ನೋಡಿಕೊಂಡರೆ ಲಾಭ ಎಂದು ನಿಮಗೆ ಗೊತ್ತು. ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಜೀವಂತ ಯಂತ್ರಕ್ಕೆ ಅಷ್ಟೇ ಗಮನ ಕೊಟ್ಟು ನೋಡಿ, ಹಾಕಿದ ಹಣಕ್ಕೆ ಅರ್ಧದಷ್ಟೋ ಒಂದಕ್ಕೊಂದರಷ್ಟೋ ಲಾಭ ಬರುತ್ತದೆ ಎಂಬುದು ಅದರ ಸಾರ. ಮಾಲೀಕರು ನ್ಯೂ ಲ್ಯಾನಾರ್ಕ್ ನೋಡಲು ಬಂದರು, ಮೆಚ್ಚಿದರು, ಮನೆಗೆ ಹೋಗಿ ಮೊದಲಿನಂತೆಯೇ ಗಿರಣಿ ನಡೆಸಿದರು. ಹತ್ತು ವರ್ಷಗಳಲ್ಲಿ ಸುಮಾರು 20,000 ಜನ ಆ ಊರು ನೋಡಿ ಹೋದರು; ಮುಂದೆ ರಷ್ಯದ ಚಕ್ರವರ್ತಿಯಾದ ನಿಕೊಲಸ್ ಕೂಡ ಬಂದಿದ್ದ.

ನೋಡುವುದಕ್ಕೆ ಅಲ್ಲಿ ಬೇಕಾದಷ್ಟಿತ್ತು. 1816ರ ಜನವರಿ 1ರಂದು ಆತ ಬಹುದಿನದ ಆಸೆಯ ಶಾಲೆ ತೆರೆದ. ನಡೆಯಲು ಕಲಿತ ಕೂಸಿನಿಂದ ಹಿಡಿದು ಎಲ್ಲ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಚಿಕ್ಕವರಿಗೆ ಗುರುಗಳಾಗಿ ಜೇಮ್ಸ್ ಬುಕ್ಯಾನನ್ ಎಂಬ ನೇಕಾರನನ್ನೂ ಮಾಲಿ ಯಂಗ್ ಎಂಬ ಗಿರಣಿ ಹುಡುಗಿಯನ್ನೂ ಆರಿಸಿದ. ಹೆಚ್ಚು ಓದಿದವರಲ್ಲ, ಆದರೆ ಮಕ್ಕಳೆಂದರೆ ಪ್ರೀತಿ, ಕೊನೆಯಿಲ್ಲದ ತಾಳ್ಮೆ. ಹೊಡೆಯುವಂತಿಲ್ಲ, ಗದರುವಂತಿಲ್ಲ. ಹಾಡು, ಕುಣಿತ, ಚಿತ್ರ, ನಕ್ಷೆ. ತಾಯಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದಿತ್ತು. ಗಿರಣಿಯ ಕೆಲಸದ ಸಮಯವೂ ಹಿಂದೆ ಇದ್ದ ಹದಿನಾಲ್ಕು ಗಂಟೆಯಿಂದ, ಊಟದ ಬಿಡುವು ಕಳೆದು ಹತ್ತೂಮುಕ್ಕಾಲು ಗಂಟೆಗೆ ಇಳಿದಿತ್ತು. ಇದರಿಂದ ಉತ್ಪಾದನೆಗೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲ ಎಂದು ಅದೇ ವರ್ಷ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಹತ್ತು ವರ್ಷದೊಳಗಿನ ಮಕ್ಕಳನ್ನು ಯಾವ ಗಿರಣಿಯೂ ತೆಗೆದುಕೊಳ್ಳಬಾರದೆಂಬ ಕಾನೂನಿಗಾಗಿ ಓಡಾಡಿದ. 1819ರಲ್ಲಿ ಬಂದ ಕಾನೂನು ಹತ್ತಿ ಗಿರಣಿಗಷ್ಟೇ ಸೀಮಿತ. ವಯಸ್ಸು ಒಂಬತ್ತು, ದಿನಕ್ಕೆ ಹನ್ನೆರಡು ಗಂಟೆ. ಅದನ್ನು ಜಾರಿ ಮಾಡಲು ಸರಿಯಾದ ತನಿಖಾಧಿಕಾರಿಗಳೂ ಇರಲಿಲ್ಲ.

ಈಗ ನಾಣ್ಯದ ಇನ್ನೊಂದು ಮುಖ. 1819ರಲ್ಲಿ ಕವಿ ರಾಬರ್ಟ್ ಸೌದಿ ನ್ಯೂ ಲ್ಯಾನಾರ್ಕ್‌ಗೆ ಬಂದ. ಓವನ್‌ನ ಒಳ್ಳೆಯತನವನ್ನು ಒಪ್ಪಿಕೊಂಡೇ, ಗುಲಾಮರ ತೋಟಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ತಿರುಳಿನಲ್ಲಿ ಅಷ್ಟಾಗಿ ಅಲ್ಲ, ಹೊರಗಿನ ವಿವರಗಳಲ್ಲಿ ಎಂದು ದಿನಚರಿಯಲ್ಲಿ ಬರೆದ. ಮಾತು ಕಟುವಾಯಿತು, ಆದರೆ ಪೂರ್ತಿ ಸುಳ್ಳಲ್ಲ. ಎಲ್ಲ ಒಳ್ಳೆಯದನ್ನೂ ಓವನ್ ಮೇಲಿನಿಂದ ಕೊಟ್ಟ. ನಿಮಗೇನು ಬೇಕು ಎಂದು ಕೆಲಸಗಾರರನ್ನು ಕೇಳಿ ನಡೆಸಿದ ವ್ಯವಸ್ಥೆ ಅದಾಗಿರಲಿಲ್ಲ. ಕೂಲಿಯೂ ಬೇರೆ ಕಡೆಗಿಂತ ಹೆಚ್ಚೇನಿರಲಿಲ್ಲ. ಆ ಗಿರಣಿಗೆ ಬರುತ್ತಿದ್ದ ಅಮೆರಿಕದ ಹತ್ತಿಯನ್ನು ಬೆಳೆದು ಬಿಡಿಸುತ್ತಿದ್ದವರು ನಿಜವಾದ ಗುಲಾಮರು ಎಂಬುದನ್ನೂ ಮರೆಯುವಂತಿಲ್ಲ.

ಮೇಲಿನಿಂದ ಕೊಟ್ಟದ್ದು ಮೇಲಿನವರು ಬದಲಾದರೆ ಹೋಗುತ್ತದೆ. ಶೇ 5ರ ಲಾಭಕ್ಕೆ ಒಪ್ಪಿದ್ದ ಸಜ್ಜನ ಪಾಲುದಾರರಿಗೂ ಒಂದು ಅಸಮಾಧಾನ ಉಳಿದಿತ್ತು. ಶಾಲೆಯಲ್ಲಿ ಮಕ್ಕಳು ಕುಣಿಯುವುದು, ಹಾಡುವುದು, ಧರ್ಮಬೋಧೆಗೆ ಒತ್ತು ಇಲ್ಲದಿರುವುದು ವಿಲಿಯಂ ಅಲೆನ್‌ಗೆ ಸಹಿಸಲಾಗಲಿಲ್ಲ. 1824ರಲ್ಲಿ ಶಾಲೆಯನ್ನು ತಮ್ಮ ದಾರಿಗೆ ತಿರುಗಿಸಿಕೊಂಡರು. ಓವನ್ ಕೈ ಬಿಟ್ಟ. 1828ರ ಹೊತ್ತಿಗೆ ಗಿರಣಿಯ ಪಾಲುದಾರಿಕೆಯಿಂದಲೂ ಹೊರಬಂದ.

ಅಷ್ಟರಲ್ಲಿ ಆತನ ಮನಸ್ಸು ಅಟ್ಲಾಂಟಿಕ್ ಸಾಗರ ದಾಟಿತ್ತು. 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಒಂದು ಧಾರ್ಮಿಕ ಪಂಗಡ ಕಟ್ಟಿದ್ದ ಇಡೀ ಊರನ್ನೇ ಕೊಂಡು ನ್ಯೂ ಹಾರ್ಮನಿ ಎಂದು ಹೆಸರಿಟ್ಟ. ಎಲ್ಲರೂ ಸಮಾನರಾಗಿ ದುಡಿದು ಹಂಚಿಕೊಂಡು ಬದುಕುವ ಸಮುದಾಯ ಅದಾಗಬೇಕಿತ್ತು. ಬರುವವರೆಲ್ಲ ಬನ್ನಿ ಎಂದು ಕರೆದ. ವಿಜ್ಞಾನಿಗಳು ಬಂದರು, ಶಿಕ್ಷಕರು ಬಂದರು, ಊಟ ಸಿಗುತ್ತದೆಂದು ಸೋಮಾರಿಗಳೂ ಬಂದರು. ಬೇಕಾದ ಕಸುಬುದಾರರು ಸಾಲದಾದರು. ಆರು ವಾರ ಬಾಯಿ ಮುಚ್ಚಿ ಗಿರಣಿ ನೋಡಿದ್ದ ಮನುಷ್ಯ ಈ ಊರನ್ನು ಬೇರೆಯವರಿಗೆ ಒಪ್ಪಿಸಿ ತಿಂಗಳುಗಟ್ಟಲೆ ಭಾಷಣ ಪ್ರವಾಸದಲ್ಲಿದ್ದ. ಯಾರನ್ನು ಸೇರಿಸಿಕೊಳ್ಳಬೇಕು, ಯಾರು ಯಾವ ಕೆಲಸ ಮಾಡಬೇಕು ಎಂದು ನೋಡುವವರೇ ಇಲ್ಲ. ಎರಡೇ ವರ್ಷದಲ್ಲಿ ಪ್ರಯೋಗ ಮುರಿದುಬಿತ್ತು. ಆಸ್ತಿಯಲ್ಲಿ ಐದನೇ ನಾಲ್ಕು ಭಾಗ, ಸುಮಾರು 40,000 ಪೌಂಡ್, ಅದರಲ್ಲೇ ಹೋಯಿತು. ಸಿಬ್ಬಂದಿ ನಿರ್ವಹಣೆಯ ಪಿತಾಮಹ ನೇಮಕಾತಿಯಲ್ಲೇ ಸೋತದ್ದನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಹೇಳುವುದಿಲ್ಲ.

ಬ್ರಿಟನ್ನಿಗೆ ಮರಳಿದಾಗ ಆತ ಶ್ರೀಮಂತನಾಗಿರಲಿಲ್ಲ. ಸೋಜಿಗವೆಂದರೆ ಈಗ ಕೆಲಸಗಾರರೇ ಆತನನ್ನು ಹುಡುಕಿಕೊಂಡು ಬಂದರು. ಹಿಂದೆ ಅವರಿಗಾಗಿ ಯೋಚಿಸುತ್ತಿದ್ದವನು ಈಗ ಅವರ ಸಭೆಗಳಲ್ಲಿ ನಿಂತ. 1834ರಲ್ಲಿ ದೇಶದ ಕಾರ್ಮಿಕರನ್ನೆಲ್ಲ ಸೇರಿಸುವ ಮಹಾ ಸಂಘವೊಂದಕ್ಕೆ ಮುಂದಾಳಾದ. ಅದೇ ವರ್ಷ ಅದು ಕುಸಿಯಿತು. ಆತನ ವಿಚಾರಗಳನ್ನು ಓದಿ, ಕೇಳಿ ಬೆಳೆದವರೂ ಇದ್ದ ಒಂದು ಗುಂಪು 1844ರಲ್ಲಿ ರಾಚ್‌ಡೇಲ್ ಪೇಟೆಯಲ್ಲಿ ಸ್ವಂತ ದಿನಸಿ ಅಂಗಡಿ ತೆರೆಯಿತು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದ ಬತ್ತಿ, ಇಷ್ಟೇ ಸಾಮಾನು. ನ್ಯೂ ಲ್ಯಾನಾರ್ಕ್‌ನ ಅಂಗಡಿಯಂತೆಯೇ ಶುದ್ಧ ಸಾಮಾನು, ನ್ಯಾಯದ ಬೆಲೆ. ಆದರೆ ಇದರ ಮಾಲೀಕರು ಗಿರಾಕಿಗಳೇ. ಒಬ್ಬರಿಗೆ ಒಂದು ಮತ, ಲಾಭ ಎಲ್ಲರಿಗೂ. ಜಗತ್ತಿನ ಸಹಕಾರ ಚಳವಳಿ ತನ್ನ ಮೂಲವನ್ನು ಈ ಅಂಗಡಿಯಲ್ಲಿ ಗುರುತಿಸುತ್ತದೆ.

1858ರಲ್ಲಿ, ಎಂಬತ್ತೇಳನೇ ವಯಸ್ಸಿನಲ್ಲಿ, ಕಾಯಿಲೆ ಬಿದ್ದ ಓವನ್ ತನ್ನನ್ನು ನ್ಯೂಟೌನ್‌ಗೆ ಕರೆದೊಯ್ಯಿರಿ ಎಂದ. ಹತ್ತು ವರ್ಷದ ಹುಡುಗನಾಗಿ ಬಿಟ್ಟುಹೋದ ಅದೇ ಊರಿನಲ್ಲಿ ನವೆಂಬರ್ 17ರಂದು ತೀರಿಕೊಂಡ. ತಂದೆ ತಾಯಿಯ ಸಮಾಧಿಯ ಬಳಿಯಲ್ಲೇ ಮಣ್ಣು ಮಾಡಿದರು. ನ್ಯೂ ಲ್ಯಾನಾರ್ಕ್ ಗಿರಣಿ 1968ರವರೆಗೂ ಓಡಿತು. 2001ರಲ್ಲಿ ಆ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನ್ಯೂಟೌನ್‌ನ ಸಮಾಧಿಗೆ 1902ರಲ್ಲಿ ಕಬ್ಬಿಣದ ಕಟಕಟೆ ಹಾಕಿಸಿ ಸ್ಮಾರಕ ಮಾಡಿದವರು ಗಿರಣಿ ಮಾಲೀಕರಲ್ಲ, ಸಹಕಾರ ಸಂಘದವರು.